ಮಣ್ಣಿನ ಮಾತು: ರಿಪೋರ್ಟ್ ಕೈಗೆ ಬಂತು, ಈಗ ಏನ್ ಮಾಡೋದು?

ಹೋದ ಸಂಚಿಕೇಲಿ ಮಣ್ಣು ಪರೀಕ್ಷೆ ಬಗ್ಗೆ ಕೇಳೋದಿದ್ರೆ ಬರೀರಿ ಅಂದಿದ್ದೆ. ರಿಪೋರ್ಟಿನ ಫೋಟೋ ಸಮೇತ ಇಷ್ಟೊಂದು ಜನ ಬರೀತೀರ ಅಂತ ಅಂದ್ಕೊಂಡಿರ್ಲಿಲ್ಲ, ನಿಜವಾಗ್ಲೂ ಖುಷಿಯಾಯ್ತು. ಮಣ್ಣು ಪರೀಕ್ಷೆ ಲ್ಯಾಬಲ್ಲಿ ವರ್ಷಗಟ್ಲೆ ಕೆಲಸ ಮಾಡಿದೋಳು ನಾನು. ರಿಪೋರ್ಟ್ ಇಸ್ಕೊಂಡು ನಾಲ್ಕು ಮಡಿಕೆ ಮಾಡಿ ಜೇಬಿಗೆ ಇಟ್ಕೊಂಡು ಹೋದೋರು ಅಲ್ಲಿಂದ ಸೀದಾ ಗೊಬ್ಬರದಂಗಡಿಗೆ ಹೋಗಿ ಹೋದ ವರ್ಷ ತಗೊಂಡಿದ್ದನ್ನೇ ಮತ್ತೆ ತಗೊಳ್ಳೋದನ್ನ ನೋಡಿ ನೋಡಿ ಸಂಕಟ ಆಗ್ತಿತ್ತು. ಅದಕ್ಕೇ ಈ ಸಲ ಪ್ರಶ್ನೆ ಕಮ್ಮಿ, ಉತ್ತರ ಉದ್ದ.

ಪ್ರಶ್ನೆ (ತಿಪಟೂರು ಕಡೆಯಿಂದ): ಮೇಡಂ ನಮಸ್ಕಾರ. ಎರಡು ಎಕರೆ ಕೆಂಪು ಮಣ್ಣು, ಬೋರ್‌ವೆಲ್ ಇದೆ, ಈ ಸಲ ರಾಗಿ ಹಾಕೋಣ ಅಂತಿದೀನಿ. ಪ್ರತಿ ವರ್ಷ ಎಕರೆಗೆ ಎರಡು ಚೀಲ ಡಿಎಪಿ, ಆಮೇಲೆ ಮೇಲ್ಗೊಬ್ಬರ ಯೂರಿಯಾ ಹಾಕ್ತೀನಿ. ಮಣ್ಣು ಟೆಸ್ಟ್ ಮಾಡ್ಸಿದೆ, ರಿಪೋರ್ಟ್ ಫೋಟೋ ಕಳ್ಸಿದೀನಿ, ಬರೀ ನಂಬರು, ಒಂದೂ ಅರ್ಥ ಆಗ್ಲಿಲ್ಲ. ದಯವಿಟ್ಟು ಹೇಳಿ.

ಉತ್ತರ: ಅಣ್ಣ, ನಿಮ್ಮ ರಿಪೋರ್ಟಲ್ಲಿ ಇರೋದು ಇಷ್ಟು. ಪಿಎಚ್ 6.1, ಇಸಿ 0.12, ಸಾವಯವ ಇಂಗಾಲ 0.38, ಸಾರಜನಕ 210, ರಂಜಕ 78, ಪೊಟ್ಯಾಷ್ 190, ಗಂಧಕ 7, ಸತು (ಜಿಂಕ್) 0.42, ಬೋರಾನ್ 0.31, ಕಬ್ಬಿಣ, ಮ್ಯಾಂಗನೀಸ್, ತಾಮ್ರ ಮೂರೂ ಸಾಕಷ್ಟು ಇದೆ. ಒಟ್ಟು 12 ಅಂಶ, ಸರ್ಕಾರದ ಮಣ್ಣು ಆರೋಗ್ಯ ಕಾರ್ಡಲ್ಲೂ ಇವೇ 12 ಬರೋದು.

ಪಿಎಚ್ ಅಂದ್ರೆ ಮಣ್ಣು ಹುಳಿನೋ ಕ್ಷಾರನೋ ಅನ್ನೋ ಲೆಕ್ಕ, 6.5ರಿಂದ 7.5 ಒಳ್ಳೇದು, ನಿಮ್ದು ಚೂರು ಹುಳಿ ಕಡೆಗಿದೆ, ರಾಗಿಗೆ ಏನೂ ತೊಂದ್ರೆ ಇಲ್ಲ. ಇಸಿ ಅಂದ್ರೆ ಉಪ್ಪಿನಂಶ, 1ರ ಒಳಗಿದ್ರೆ ಚಿಂತೆ ಬೇಡ. ಇವೆರಡನ್ನೂ ಬಿಟ್ಟು ಮುಂದೆ ಹೋಗೋಣ.

ನನಗೆ ಬೇಜಾರಾಗಿದ್ದು ಸಾವಯವ ಇಂಗಾಲ ನೋಡಿ. 0.5ಕ್ಕಿಂತ ಕಮ್ಮಿ ಇದ್ರೆ ಕೊರತೆ, 0.75ರ ಮೇಲಿದ್ರೆ ಚೆನ್ನಾಗಿದೆ ಅಂತ ಅರ್ಥ. ನಿಮ್ದು ನೂರಕ್ಕೆ 0.38. ಇದನ್ನ 1.72ರಿಂದ ಗುಣಿಸಿದ್ರೆ ಸಾವಯವ ಪದಾರ್ಥ ಎಷ್ಟಿದೆ ಗೊತ್ತಾಗತ್ತೆ, ಅಂದ್ರೆ ನಿಮ್ಮ ಹೊಲದ ನೂರು ಕೆಜಿ ಮಣ್ಣಲ್ಲಿ ಸೊಪ್ಪು ಸದೆ ಗೊಬ್ಬರ ಕೊಳೆತು ಉಳಿದಿರೋದು ಬರೀ 650 ಗ್ರಾಂ. ಮಣ್ಣಲ್ಲಿ ನೀರು ಹಿಡಿದಿಡೋದು ಅದೇ, ಹಾಕಿದ ಯೂರಿಯಾನ ತಕ್ಕಮಟ್ಟಿಗೆ ತಡೆದು ಇಟ್ಕೊಳ್ಳೋದೂ ಅದೇ. ಒಂದು ಮಳೆ ಬಂದು ನಾಲ್ಕು ದಿನಕ್ಕೇ ಹೊಲ ಒಣಗಿ ಬಿರುಸಾಗತ್ತೆ ಅಂತ ಕೆಳಗೆ ಬರ್ದಿದೀರಲ್ಲ, ಅದಕ್ಕೂ ಇದಕ್ಕೂ ಸಂಬಂಧ ಇದೆ.

ಈಗ ಎನ್‌ಪಿಕೆ, ಅಂದ್ರೆ ಸಾರಜನಕ, ರಂಜಕ, ಪೊಟ್ಯಾಷ್. ಈ ಮೂರರ ನಂಬರು ಹೆಕ್ಟೇರಿಗೆ ಇಷ್ಟು ಕೆಜಿ ಅಂತ ಇರತ್ತೆ, ಎಕರೆ ಲೆಕ್ಕ ಬೇಕು ಅಂದ್ರೆ ಎರಡೂವರೆಯಿಂದ ಭಾಗಿಸ್ಬೇಕು, ಇದನ್ನ ಮರೆತು ಹೆಕ್ಟೇರಿನ ಗೊಬ್ಬರಾನ ಎಕರೆಗೆ ಸುರಿದೋರು ಬೇಕಾದಷ್ಟು ಜನ ಇದಾರೆ. ಸಾರಜನಕ 280ಕ್ಕಿಂತ ಕೆಳಗೆ ಕಡಿಮೆ, 560ರ ಮೇಲೆ ಹೆಚ್ಚು, ನಿಮ್ದು ಕಡಿಮೆ. ರಂಜಕ 22ರ ಕೆಳಗೆ ಕಡಿಮೆ, 55ರ ಮೇಲೆ ಹೆಚ್ಚು, ನಿಮ್ದು 78. ಪೊಟ್ಯಾಷ್ 140ರಿಂದ 330ರ ನಡುವೆ ಮಧ್ಯಮ, ನಿಮ್ದು ಅಲ್ಲೇ ಇದೆ.

ರಂಜಕ ಯಾಕೆ ಅಷ್ಟಿದೆ ಅಂದ್ರೆ ವರ್ಷಾ ವರ್ಷ ಹಾಕಿದ ಆ ಎರಡು ಚೀಲ ಡಿಎಪಿ, ಅದು ಮುಖ್ಯವಾಗಿ ರಂಜಕದ ಗೊಬ್ಬರ. ರಂಜಕ ಯೂರಿಯಾ ಥರ ನೀರಲ್ಲಿ ಕೊಚ್ಕೊಂಡು ಹೋಗಲ್ಲ, ಹಾಕಿದ ಜಾಗದಲ್ಲೇ ಮಣ್ಣಿಗೆ ಅಂಟ್ಕೊಂಡು ಕೂರತ್ತೆ, ಬೆಳೆ ತಿಂದು ಮಿಕ್ಕಿದ್ದೆಲ್ಲ ಜಮಾ ಆಗ್ತಾ ಹೋಗತ್ತೆ. ಜಮಾ ಆದ್ರೆ ಒಳ್ಳೇದೇ ಅಲ್ವಾ ಅನ್ಬೇಡಿ, ರಂಜಕ ಜಾಸ್ತಿಯಾದ್ರೆ ಗಿಡ ಸತು ತಗೊಳ್ಳೋದು ಕಮ್ಮಿ ಆಗತ್ತೆ. ನಿಮ್ಮ ಮಣ್ಣಲ್ಲಿ ಸತು ಮೊದ್ಲೇ 0.6 ಇರ್ಬೇಕಾದ ಕಡೆ 0.42 ಇದೆ.

ಲೆಕ್ಕ ಹಾಕೋಣ. ನೀರಾವರಿ ರಾಗಿಗೆ ಶಿಫಾರಸು ಹೆಕ್ಟೇರಿಗೆ 100:50:50, ಅಂದ್ರೆ ಎಕರೆಗೆ 40 ಕೆಜಿ ಸಾರಜನಕ, 20 ರಂಜಕ, 20 ಪೊಟ್ಯಾಷ್. ಮಣ್ಣಲ್ಲಿ ಕಡಿಮೆ ಇದ್ದದ್ದಕ್ಕೆ ಕಾಲು ಭಾಗ ಸೇರಿಸೋದು, ಹೆಚ್ಚಿದ್ದದ್ದಕ್ಕೆ ಕಾಲು ಭಾಗ ಕಳೆಯೋದು, ಮಧ್ಯಮ ಇದ್ರೆ ಹಾಗೇ ಬಿಡೋದು, ಇಷ್ಟೇ ಸೂತ್ರ. ನಿಮಗೆ ರಂಜಕ 15 ಕೆಜಿ ಸಾಕು. ಡಿಎಪೀಲಿ ನೂರಕ್ಕೆ 46 ರಂಜಕ, ಹಾಗಾಗಿ ಎಕರೆಗೆ 33 ಕೆಜಿ ಡಿಎಪಿ. ನೀವು ಹಾಕ್ತಿದ್ದಿದ್ದು 100 ಕೆಜಿ. ಚೀಲಕ್ಕೆ 1350 ಅಂದ್ಕೊಂಡ್ರೂ ಹೆಚ್ಚಿಗೆ ಹಾಕಿದ 67 ಕೆಜಿಗೆ ಎಕರೆಗೆ 1800 ರೂಪಾಯಿ ಆಯ್ತು, ಎರಡು ಎಕರೆಗೆ 3600, ಅದೂ ಸತು ಸಿಗದ ಹಾಗೆ ಮಾಡ್ಕೊಳ್ಳೋಕೆ ಕೊಟ್ಟ ದುಡ್ಡು.

ನನ್ನ ಕೇಳಿದ್ರೆ ಈ ಸಲ ಡಿಎಪಿ ಬಿಟ್ಟು ಸೂಪರ್ ಫಾಸ್ಫೇಟ್ ತಗೊಳ್ಳಿ. ಅದ್ರಲ್ಲಿ ರಂಜಕ ನೂರಕ್ಕೆ 16 ಮಾತ್ರ, ಎಕರೆಗೆ ಸುಮಾರು 94 ಕೆಜಿ ಬೇಕು, ಹೊರೋಕೆ ಕಷ್ಟ ನಿಜ, ಆದ್ರೆ ಜೊತೆಗೆ ಹತ್ತು ಕೆಜಿಯಷ್ಟು ಗಂಧಕ ಬರತ್ತೆ, ನಿಮ್ಮ ಮಣ್ಣಲ್ಲಿ ಗಂಧಕ 10 ಇರ್ಬೇಕಾದ್ದು 7 ಇದೆ, ಹಾಗಾಗಿ ಅದಕ್ಕೆ ಬೇರೆ ಜಿಪ್ಸಂ ತರೋ ಕೆಲಸ ತಪ್ಪತ್ತೆ. ಪೊಟ್ಯಾಷ್ ಗೊಬ್ಬರ 33 ಕೆಜಿ, ಅದ್ರಲ್ಲಿ ಬೇಕಾದ 20 ಕೆಜಿ ಪೊಟ್ಯಾಷ್ ಸಿಗತ್ತೆ. ಯೂರಿಯಾ ಲೆಕ್ಕ ಮಾತ್ರ ಕೊಟ್ಟಿಗೆ ಗೊಬ್ಬರದ ಮೇಲೆ ನಿಂತಿದೆ. ಎಕರೆಗೆ ನಾಲ್ಕು ಟನ್ ಒಳ್ಳೆ ಕೊಟ್ಟಿಗೆ ಗೊಬ್ಬರ ಹಾಕೋಕೆ ಆಗತ್ತೆ ಅಂದ್ರೆ ಆ ಕಾಲು ಭಾಗ ಜಾಸ್ತಿ ಸಾರಜನಕ ಬೇಡ, 87 ಕೆಜಿ ಯೂರಿಯಾ ಸಾಕು, ಈಗಿನ 45 ಕೆಜಿ ಚೀಲದಲ್ಲಿ ಹೆಚ್ಚು ಕಮ್ಮಿ ಎರಡು ಚೀಲ. ಅರ್ಧ ಬಿತ್ತುವಾಗ, ಅರ್ಧ ಕಳೆ ತೆಗೆದ ಮೇಲೆ ತೇವ ನೋಡ್ಕೊಂಡು. ಸತುವಿನ ಸಲ್ಫೇಟ್ ಎಕರೆಗೆ 10 ಕೆಜಿ, ಅದನ್ನ ರಂಜಕದ ಗೊಬ್ಬರದ ಜೊತೆ ಕಲಿಸ್ಬೇಡಿ, ಎರಡೂ ಸೇರ್ಕೊಂಡು ಗಟ್ಟಿ ಆಗಿ ಗಿಡಕ್ಕೆ ಸಿಗಲ್ಲ. ಬೇರೆ ದಿನ, ಪುಡಿ ಮಾಡಿದ ಕೊಟ್ಟಿಗೆ ಗೊಬ್ಬರದ ಜೊತೆ ಬೆರೆಸಿ ಎರಚಿ. ಬೋರಾನೂ ಕಮ್ಮಿ ಇದೆ, ಅದಕ್ಕೆ ಎಕರೆಗೆ ಬೋರಾಕ್ಸ್ 2 ಕೆಜಿ. ಬೋರಾನ್ ವಿಷಯದಲ್ಲಿ ಕೈ ಬಿಗಿ ಇರ್ಲಿ, ಬೇಕಾದ್ದಕ್ಕೂ ವಿಷ ಆಗೋದಕ್ಕೂ ನಡುವೆ ಜಾಸ್ತಿ ಅಂತರ ಇಲ್ಲ, ಪ್ರತಿ ವರ್ಷ ಹಾಕೋದಲ್ಲ ಅದು.

ಸತು, ಬೋರಾನ್, ಗಂಧಕ ಮೂರೂ ಕಮ್ಮಿ ಅಂದ್ರೆ ಇದು ನಿಮ್ಮೊಬ್ಬರ ಹೊಲದ ಕಥೆ ಅಲ್ಲ. 2009ರಲ್ಲಿ ನಮ್ಮ ರಾಜ್ಯದಲ್ಲಿ ಇಕ್ರಿಸ್ಯಾಟ್ ಅನ್ನೋ ಕೃಷಿ ಸಂಶೋಧನಾ ಸಂಸ್ಥೆ ಜೊತೆ ಸೇರಿ ಭೂಚೇತನ ಅಂತ ಯೋಜನೆ ಶುರುವಾಯ್ತಲ್ಲ, ಆಗ ಮಳೆ ಆಶ್ರಿತ ಜಿಲ್ಲೆಗಳ ಮಣ್ಣು ನೋಡಿದಾಗ ಬಹಳಷ್ಟು ಕಡೆ ಇವೇ ಮೂರು ಕೊರತೆ ಕಂಡಿದ್ದು. ರೈತ ಸಂಪರ್ಕ ಕೇಂದ್ರಗಳಲ್ಲಿ ಜಿಪ್ಸಂ, ಜಿಂಕು, ಬೋರಾನ್ ರಿಯಾಯ್ತಿಗೆ ಕೊಡ್ತಿದ್ದಿದ್ದು ಅದಕ್ಕೇ. ನಿಮ್ಮ ಹೋಬಳಿ ಕೇಂದ್ರದಲ್ಲಿ ಈಗ ಏನು ಸಿಗತ್ತೆ ಅಂತ ಒಂದು ಮಾತು ಕೇಳಿ.

ಪ್ರಶ್ನೆ (ಚಿಂತಾಮಣಿ ಹತ್ತಿರದಿಂದ): ಅಕ್ಕಾ, ನಾನು ಟೊಮ್ಯಾಟೊ ಬೆಳೆಯೋನು. ಒಂದೇ ತೋಟದ ಮಣ್ಣು ಎರಡು ಲ್ಯಾಬಿಗೆ ಕೊಟ್ಟೆ. ಒಂದ್ರಲ್ಲಿ ರಂಜಕ 24 ಅಂತ ಬಂತು, ಇನ್ನೊಂದ್ರಲ್ಲಿ 56. ಸಾರಜನಕ ಒಂದ್ರಲ್ಲಿ 240, ಇನ್ನೊಂದ್ರಲ್ಲಿ 390. ಇವರನ್ನ ನಂಬೋದಾದ್ರೂ ಹೇಗೆ? ದುಡ್ಡು ದಂಡ ಅನ್ನಿಸ್ತು.

ಉತ್ತರ: ತಮ್ಮಾ, ಕೋಪ ಬರೋದು ಸಹಜ. ಆದ್ರೆ ರಂಜಕದ ವಿಷಯದಲ್ಲಿ ಎರಡು ಲ್ಯಾಬೂ ಸರಿಯಾಗೇ ಹೇಳಿವೆ! ಫೋಟೋ ದೊಡ್ಡದು ಮಾಡಿ ನೋಡು, ಮೊದಲ್ನೇದ್ರಲ್ಲಿ ಬರೀ ಪಿ ಅಂತಿದೆ, ಎರಡನೇದ್ರಲ್ಲಿ ಪಿ ಟು ಒ ಫೈವ್ ಅಂತಿದೆ. ಮೊದಲ್ನೇದು ಶುದ್ಧ ರಂಜಕದ ಲೆಕ್ಕ, ಎರಡನೇದು ಗೊಬ್ಬರದ ಚೀಲದ ಮೇಲೆ ಬರೀತಾರಲ್ಲ ಆ ಲೆಕ್ಕ. ಪಿ ಅನ್ನ 2.29ರಿಂದ ಗುಣಿಸಿದ್ರೆ ಪಿ ಟು ಒ ಫೈವ್ ಬರತ್ತೆ. 24 ಗುಣಿಸು 2.29, ಎಷ್ಟಾಯ್ತು? 55. ಪೊಟ್ಯಾಷಿಗೂ ಹೀಗೇ, ಕೆ ಅಂತ ಇದ್ರೆ 1.2ರಿಂದ ಗುಣಿಸ್ಬೇಕು. ನಾನು ಮೇಲೆ ತಿಪಟೂರಿನವರಿಗೆ ಹೇಳಿದ 22, 55 ಎಲ್ಲ ಪಿ ಟು ಒ ಫೈವ್ ಲೆಕ್ಕದ್ದು.

ಸಾರಜನಕ ಅಷ್ಟು ಬೇರೆ ಬೇರೆ ಬಂದಿದ್ದು ಯಾಕೆ ಅಂತ ನಿನ್ನ ಪತ್ರದಲ್ಲೇ ಇದೆ. ಮೊದಲ ಸಲ ನೀನು ತೆಗ್ದೆ, ಎರಡನೇ ಸಲ ಹುಡುಗನ್ನ ಕಳ್ಸಿದೆ, ಅವನು ತೋಟದ ಬಾಗಿಲ ಹತ್ರ ಗುದ್ದಲೀಲಿ ಒಂದು ಕಡೆ ಕೆರೆದು ಕವರಿಗೆ ತುಂಬ್ಕೊಂಡು ಬಂದ ಅಂತ ಬರ್ದಿದೀಯ. ಬಾಗಿಲ ಹತ್ರ ಏನಿರತ್ತೆ? ಗೊಬ್ಬರದ ಟ್ರ್ಯಾಕ್ಟರ್ ಖಾಲಿ ಮಾಡೋದು ಅಲ್ಲೇ ಅಲ್ವಾ.

ಒಂದ್ಸಲ ಲ್ಯಾಬಲ್ಲಿ ಒಂದು ಸ್ಯಾಂಪಲ್ ಬಿಚ್ಚಿ ಪೇಪರ್ ಮೇಲೆ ಹರಡಿದೆ, ಮಣ್ಣಿನ ನಡುವೆ ಸಾಬೂದಾನಿ ಥರ ಸಣ್ಣ ಬಿಳಿ ಕಾಳು. ಬೆರಳಲ್ಲಿ ಒತ್ತಿದ್ರೆ ತಣ್ಣಗೆ ಕರಗ್ತಿತ್ತು. ಯೂರಿಯಾ ಚೀಲ ಕೊಡವಿ ಅದ್ರಲ್ಲೇ ಮಣ್ಣು ತಂದಿದ್ರು. ಆ ಮಣ್ಣಲ್ಲಿ ಸಾರಜನಕ ಹೆಚ್ಚು ಅಂತ ಬರದೆ ಇನ್ನೇನು ಬರತ್ತೆ? ಪಾಪ ಅವರು ಐವತ್ತು ಕಿಲೋಮೀಟರ್ ಬಸ್ಸಲ್ಲಿ ಬಂದಿದ್ರು, ವಾಪಸ್ ಕಳಿಸೋಕೆ ಮನಸ್ಸಾಗ್ಲಿಲ್ಲ, ಆದ್ರೂ ಕಳಿಸ್ದೆ, ತಪ್ಪು ರಿಪೋರ್ಟ್ ಕೊಡೋದಕ್ಕಿಂತ ಅದೇ ವಾಸಿ ಅಂತ.

ಒಂದು ಎಕರೆ ಹೊಲದ ಮೇಲಿನ ಆರಿಂಚು ಮಣ್ಣು ತೂಗಿದ್ರೆ ಸುಮಾರು 900 ಟನ್ ಬರತ್ತೆ. ನೀನು ಲ್ಯಾಬಿಗೆ ತರೋದು ಅರ್ಧ ಕೆಜಿ, ಅದ್ರಲ್ಲೂ ಒಂದೊಂದು ಪರೀಕ್ಷೆಗೆ ನಾವು ತೂಗಿ ತಗೊಳ್ಳೋದು ಕೆಲವೇ ಗ್ರಾಂ. ಆ ಕೆಲವು ಗ್ರಾಂ ಇಡೀ ಎಕರೆ ಪರವಾಗಿ ಮಾತಾಡ್ಬೇಕು. ಅದಕ್ಕೇ ಒಂದೇ ಕಡೆ ತೆಗೀಬಾರ್ದು, ಹಾವು ಹರಿದಂಗೆ ಅಂಕುಡೊಂಕಾಗಿ ನಡೀತಾ ಹತ್ತು ಹನ್ನೆರಡು ಕಡೆ ತೆಗೀಬೇಕು. ಮೇಲಿನ ಕಸ ಕಡ್ಡಿ ಸರಿಸಿ, ಇಂಗ್ಲಿಷಿನ ವಿ ಅಕ್ಷರದ ಥರ ಆರಿಂಚು ಗುಂಡಿ ತೋಡಿ, ಆ ಮಣ್ಣು ಪಕ್ಕಕ್ಕೆ ಬಿಸಾಕಿ, ಗುಂಡಿಯ ಗೋಡೆಯಿಂದ ಮೇಲಿಂದ ಕೆಳಗಿನ ತನಕ ಒಂದಿಂಚು ದಪ್ಪ ಹೋಳು ಕೊಯ್ದಂಗೆ ತೆಗೆದು ಪ್ಲಾಸ್ಟಿಕ್ ಬಕೆಟಿಗೆ ಹಾಕು. ತಗಡಿನ ಬಕೆಟ್ ಬೇಡ, ಅದಕ್ಕೆ ಸತುವಿನ ಲೇಪ ಇರತ್ತೆ, ಸತುವಿನ ನಂಬರೇ ಕೆಟ್ಟೋಗತ್ತೆ. ಬದು, ಮರದ ನೆರಳು, ಕಾಲುವೆ ಪಕ್ಕ, ತಿಪ್ಪೆ ಹಾಕಿದ ಜಾಗ, ದನ ಕಟ್ಟೋ ಜಾಗ ಇವೆಲ್ಲ ಬಿಡು. ಕೆಂಪು ಮಣ್ಣು ಒಂದು ಕಡೆ, ಗೋಡು ಮಣ್ಣು ಒಂದು ಕಡೆ ಇದ್ರೆ ಎರಡು ಬೇರೆ ಬೇರೆ ಸ್ಯಾಂಪಲ್, ದಿಣ್ಣೆ ತಗ್ಗು ಇದ್ರೂ ಹಾಗೇ.

ಬಕೆಟಿನ ಮಣ್ಣನ್ನ ಒಂದು ಒಗೆದ ಪಂಚೆ ಮೇಲೆ ಸುರಿದು ಹೆಂಟೆ ಒಡೆದು, ಕಲ್ಲು ಬೇರು ಆರಿಸಿ, ಚೆನ್ನಾಗಿ ಕಲಿಸಿ ರೊಟ್ಟಿ ಥರ ಹರಡು. ಬೆರಳಲ್ಲಿ ಅಡ್ಡ ಉದ್ದ ಗೆರೆ ಎಳೆದು ನಾಲ್ಕು ಭಾಗ ಮಾಡಿ ಎದುರು ಬದುರಿನ ಎರಡು ಭಾಗ ತೆಗೆದು ಹಾಕು, ಮಿಕ್ಕಿದ್ದನ್ನ ಮತ್ತೆ ಕಲಿಸಿ ಮತ್ತೆ ನಾಲ್ಕು ಮಾಡು, ಅರ್ಧ ಕೆಜಿ ಉಳಿಯೋ ತನಕ. ನೆರಳಲ್ಲಿ ಒಣಗಿಸಿ ಹೊಸ ಬಟ್ಟೆ ಚೀಲಕ್ಕೆ ತುಂಬಿ, ಒಳಗೊಂದು ಚೀಟಿ: ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ, ನೀರಾವರಿನೋ ಮಳೆನೋ. ಪೆನ್ಸಿಲಲ್ಲಿ ಬರಿ, ಪೆನ್ನಾದ್ರೆ ಮಣ್ಣಿನ ತೇವಕ್ಕೆ ಶಾಯಿ ಹರಡಿ ಚೀಟಿ ಓದೋಕೇ ಆಗಲ್ಲ. ಬೆಳೆ ಕಟಾವಾದ ಮೇಲೆ, ಮುಂದಿನ ಬೆಳೆಗೆ ಗೊಬ್ಬರ ಬೀಳೋ ಮೊದ್ಲು ತೆಗೆಯೋದು ಸರಿಯಾದ ಹೊತ್ತು.

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ನಮ್ಮ ಅಡಿಕೆ ತೋಟದ ಮಣ್ಣಿನ ಪಿಎಚ್ 4.9 ಬಂದಿದೆ. ಅಂಗಡಿಯವರು ಜಿಪ್ಸಂ ಹಾಕಿ ಸರಿಯಾಗತ್ತೆ ಅಂದ್ರು. ಹಾಕಬಹುದಾ? ಗರಿ ಸ್ವಲ್ಪ ಹಳದಿ ಆಗ್ತಿದೆ.

ಉತ್ತರ: ಜಿಪ್ಸಂ ಹಾಕಿದ್ರೆ ಹುಳಿ ಕಮ್ಮಿ ಆಗಲ್ಲ, ದಯವಿಟ್ಟು ಇದನ್ನ ನಿಮ್ಮ ಅಕ್ಕಪಕ್ಕದ ತೋಟದವರಿಗೂ ಹೇಳಿ. ಜಿಪ್ಸಂ ಕ್ಯಾಲ್ಸಿಯಂ ಮತ್ತೆ ಗಂಧಕ ಕೊಡತ್ತೆ ಅಷ್ಟೇ, ಪಿಎಚ್ ಮೇಲೇರಿಸೋದು ಸುಣ್ಣ. ಮಲೆನಾಡಿನ ಮಳೆ ವರ್ಷಾ ವರ್ಷ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲ ತೊಳ್ಕೊಂಡು ಹೋಗತ್ತೆ, ಉಳಿಯೋದು ಹುಳಿ ಮಣ್ಣು. 5ರ ಕೆಳಗೆ ಹೋದ್ರೆ ಅಲ್ಯೂಮಿನಿಯಂ ಕರಗಿ ಬೇರಿನ ತುದಿ ಕೆಡತ್ತೆ, ನೀವು ಹಾಕಿದ ರಂಜಕಾನೂ ಹಿಡ್ಕೊಂಡು ಬಿಡತ್ತೆ.

ಸುಣ್ಣ ಎಷ್ಟು ಅನ್ನೋದು ಪಿಎಚ್ ಒಂದ್ರಿಂದ ಹೇಳೋಕಾಗಲ್ಲ, ಒಂದೇ 4.9 ಇದ್ರೂ ಮರಳು ಮಣ್ಣಿಗೆ ಕಮ್ಮಿ ಸಾಕು, ಜೇಡಿ ಮಣ್ಣಿಗೆ ಜಾಸ್ತಿ ಬೇಕು. ಲ್ಯಾಬಲ್ಲಿ ಸುಣ್ಣದ ಅಗತ್ಯ ಎಷ್ಟು ಅಂತ ಬೇರೆ ಪರೀಕ್ಷೆ ಮಾಡ್ತಾರೆ, ಅದನ್ನ ಕೇಳಿ ಮಾಡ್ಸಿ. ಅಡಿಕೆಗೆ ಸಾಮಾನ್ಯವಾಗಿ ಹೇಳೋದು ಎರಡು ಮೂರು ವರ್ಷಕ್ಕೊಮ್ಮೆ ಮರಕ್ಕೆ ಅರ್ಧ ಕೆಜಿ. ಯೂರಿಯಾ ಜೊತೆ ಒಟ್ಟಿಗೆ ಹಾಕ್ಬೇಡಿ, ಸಾರಜನಕ ಗಾಳಿಗೆ ಹೋಗತ್ತೆ, ಎರಡು ಮೂರು ವಾರ ಬಿಡಿ. ವರ್ಷಕ್ಕೆ ಮರಕ್ಕೆ 100:40:140 ಗ್ರಾಂ ಅನ್ನೋ ಶಿಫಾರಸಿದೆಯಲ್ಲ, ಅದಕ್ಕೆ ಯೂರಿಯಾ 220 ಗ್ರಾಂ, ಶಿಲಾರಂಜಕ (ರಾಕ್ ಫಾಸ್ಫೇಟ್) 200 ಗ್ರಾಂ, ಪೊಟ್ಯಾಷ್ ಗೊಬ್ಬರ 235 ಗ್ರಾಂ, ಎರಡು ಕಂತಲ್ಲಿ. ಹುಳಿ ಮಣ್ಣಲ್ಲಿ ಶಿಲಾರಂಜಕ ತಾನಾಗೇ ಕರಗತ್ತೆ, ದುಬಾರಿ ಗೊಬ್ಬರದ ಅಗತ್ಯ ಇಲ್ಲ. ಇನ್ನೊಂದು, ಅಡಿಕೆಗೆ ಬರೀ ಆರಿಂಚು ಮಣ್ಣು ಸಾಲದು, ಒಂದಡಿ ತನಕದ್ದು ಒಂದು, ಒಂದರಿಂದ ಎರಡಡಿದು ಒಂದು, ಎರಡು ಸ್ಯಾಂಪಲ್ ಕೊಡಿ.

ಗರಿ ಹಳದಿ ಅಂದ್ರಲ್ಲ, ಮೆಗ್ನೀಸಿಯಂ ಕೊರತೆ ಆಗಿದ್ರೆ ಬರೀ ಸುಣ್ಣದ ಬದಲು ಮೆಗ್ನೀಸಿಯಂ ಕೂಡ ಇರೋ ಸುಣ್ಣದಕಲ್ಲಿನ ಪುಡಿ, ಅಂದ್ರೆ ಡೋಲೊಮೈಟ್ ಹಾಕಿದ್ರೆ ಎರಡೂ ಕೆಲಸ ಆಗತ್ತೆ. ಆದ್ರೆ ಹಳದಿ ಎಲೆ ರೋಗ ಅಂತ ಇದೆಯಲ್ಲ, ಅದು ಫೈಟೋಪ್ಲಾಸ್ಮಾ ಅನ್ನೋ ಸೂಕ್ಷ್ಮಾಣುವಿಂದ ಬರೋದು, ಸುಣ್ಣದಿಂದ ವಾಸಿ ಆಗಲ್ಲ. ಯಾವುದು ಅಂತ ಮರ ನೋಡಿದೋರೇ ಹೇಳ್ಬೇಕು, ಕೃಷಿ ವಿಜ್ಞಾನ ಕೇಂದ್ರದವರನ್ನ ತೋಟಕ್ಕೆ ಕರೆಸಿ.

ಪ್ರಶ್ನೆ (ಸಿಂಧನೂರು ತಾಲೂಕಿಂದ): ನಮಸ್ಕಾರ ರೀ ಮೇಡಮ್ಮಾರ. ನಮ್ಮದು ಎರಿ ಭೂಮಿ, ಕಾಲುವಿ ನೀರು, ಎರಡು ಬೆಳಿ ನೆಲ್ಲು. ಹೊಲದ ಕೆಳಗಿನ ಮಗ್ಗಲಾ ಬೇಸಿಗ್ಯಾಗ ಬೆಳ್ಳಗ ಉಪ್ಪು ಎದ್ದಂಗ ಆಗೇತಿ, ಅಲ್ಲಿ ಸಸಿ ಹತ್ತವಲ್ದು. ರಿಪೋರ್ಟಿನ್ಯಾಗ ಪಿಎಚ್ 8.1, ಇಸಿ 3.8 ಬಂದೇತ್ರಿ. ಬಾಜು ಹೊಲದವ್ರು ಜಿಪ್ಸಂ ಹಾಕಿ ಚಲೋ ಮಾಡ್ಕೊಂಡಾರ, ನಾನೂ ಹಾಕ್ಲೇನ್ರಿ?

ಉತ್ತರ: ಸದ್ಯಕ್ಕೆ ಬೇಡ ರೀ. ಬಾಜು ಹೊಲದವರ ರಿಪೋರ್ಟ್ ಕೇಳಿ ನೋಡ್ರಿ, ಅವರ ಪಿಎಚ್ 8.5ರ ಮೇಲೆ, 9ರ ಹತ್ರ ಇದ್ದಿರ್ಬೇಕು. ಅದು ಸೋಡಿಯಂ ಹೆಚ್ಚಾದ ಕ್ಷಾರ ಮಣ್ಣು, ಒದ್ದೆ ಇದ್ದಾಗ ಅಂಟು, ಒಣಗಿದ್ರೆ ಕಲ್ಲು. ಅಲ್ಲಿ ಜಿಪ್ಸಂನ ಕ್ಯಾಲ್ಸಿಯಂ ಹೋಗಿ ಸೋಡಿಯಂನ ಹೊರಗೆ ತಳ್ಳತ್ತೆ, ಆಮೇಲೆ ನೀರು ನಿಲ್ಲಿಸಿ ಹೊರಗೆ ಬಿಟ್ರೆ ತೊಳ್ಕೊಂಡು ಹೋಗತ್ತೆ. ನಿಮ್ದು ಹಾಗಲ್ಲ. ಪಿಎಚ್ ಮಿತಿಯಲ್ಲಿದೆ, ಇಸಿ ಮಾತ್ರ ಮೇಲೇರಿದೆ, ಅಂದ್ರೆ ಬರೀ ಉಪ್ಪು ಸೇರಿದೆ, ಸವಳು. ಉಪ್ಪಿರೋ ಕಡೆ ಇನ್ನೊಂದು ಲವಣ ತಂದು ಸುರಿದು ಏನು ಪ್ರಯೋಜನ ಹೇಳ್ರಿ.

ಕೆಳಗಿನ ಮಗ್ಗುಲಲ್ಲೇ ಯಾಕೆ ಎದ್ದಿದೆ? ಮೇಲಿನ ಹೊಲಗಳ ನೀರೆಲ್ಲ ಬಸಿದು ಅಲ್ಲಿ ನಿಲ್ಲತ್ತೆ, ಎರೆ ಮಣ್ಣಲ್ಲಿ ಕೆಳಗೆ ಇಂಗಲ್ಲ, ಬೇಸಿಗೇಲಿ ನೀರು ಆವಿಯಾಗಿ ಉಪ್ಪು ಮೇಲೆ ಉಳಿಯತ್ತೆ. ತುಂಗಭದ್ರಾ ಕಾಲುವೆ ಕೆಳಗೆ ಸವಳು ಜವಳು ಅಂತ ಜೋಡಿ ಮಾಡಿ ಹೇಳೋದು ಅದಕ್ಕೇ, ಜವಳು ಅಂದ್ರೆ ನೀರು ನಿಂತು ಜೌಗಾಗೋದು, ಅದು ಬಂದ ಕಡೆ ಸವಳು ಹಿಂದೇನೇ ಬರತ್ತೆ. ಹಾಗಾಗಿ ಮೊದಲ ಕೆಲಸ ಬಸಿಗಾಲುವೆ, ನೀರು ಹೊರಗೆ ಹೋಗೋ ದಾರಿ. ಆಮೇಲೆ ಒಳ್ಳೆ ಕಾಲುವೆ ನೀರು ನಿಲ್ಲಿಸಿ ಬಿಡೋದು, ನಿಲ್ಲಿಸಿ ಬಿಡೋದು. ನಡುವೆ ಡಯಾಂಚ ಅನ್ನೋ ಹಸಿರು ಗೊಬ್ಬರದ ಗಿಡ ಬಿತ್ತಿ ಹೂವಿಗೆ ಬರೋ ಹೊತ್ತಿಗೆ ಮಣ್ಣಿಗೆ ಸೇರಿಸ್ರಿ. ಬಿಳಿ ಎದ್ದ ಜಾಗದ ಮಣ್ಣನ್ನ ಬೇರೆ ಸ್ಯಾಂಪಲ್ ಮಾಡ್ರಿ, ಇಡೀ ಹೊಲದ್ದಕ್ಕೆ ಬೆರೆಸಿದ್ರೆ ಎರಡರ ಗುಣಾನೂ ಮುಚ್ಚಿ ಹೋಗತ್ತೆ. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದಲ್ಲಿ ಸವಳು ಭೂಮಿ ಮೇಲೇ ಕೆಲಸ ಮಾಡೋ ವಿಜ್ಞಾನಿಗಳಿದಾರೆ, ನಿಮಗೆ ದೂರವೂ ಅಲ್ಲ, ರಿಪೋರ್ಟ್ ಹಿಡ್ಕೊಂಡು ಒಂದು ದಿನ ಹೋಗಿ ಬರ್ರಿ.

ಪ್ರಶ್ನೆ (ಹಾಸನದಿಂದ): ಊರಲ್ಲಿ ಎಲ್ಲರಿಗೂ ಮಣ್ಣು ಆರೋಗ್ಯ ಕಾರ್ಡ್ ಕೊಟ್ಟಿದಾರೆ, ನಮ್ಮ ಹೊಲಕ್ಕೆ ಯಾರೂ ಬಂದಿದ್ದೇ ನೋಡಿಲ್ಲ. ಇದು ನಮ್ದೇ ಮಣ್ಣಿನ ರಿಪೋರ್ಟಾ? ಆನ್‌ಲೈನಲ್ಲಿ ಸಿಗೋ ಎರಡು ಕಡ್ಡಿಯ ಮೀಟರ್ ತಗೊಂಡು ನಾವೇ ನೋಡ್ಕೋಬಹುದಾ?

ಉತ್ತರ: 2015ರ ಫೆಬ್ರವರೀಲಿ ಶುರುವಾದ ಆ ಯೋಜನೇಲಿ ಪ್ರತಿ ಹೊಲದಿಂದ ಮಣ್ಣು ತೆಗೆಯೋ ಪದ್ಧತಿ ಇರ್ಲಿಲ್ಲ. ನೀರಾವರಿ ಜಮೀನಿಗೆ ಎರಡೂವರೆ ಹೆಕ್ಟೇರಿಗೆ ಒಂದು, ಮಳೆ ಆಶ್ರಿತಕ್ಕೆ ಹತ್ತು ಹೆಕ್ಟೇರಿಗೆ ಒಂದು ಸ್ಯಾಂಪಲ್, ಆ ಚೌಕದಲ್ಲಿ ಬರೋ ಎಲ್ಲರಿಗೂ ಅದೇ ಫಲಿತಾಂಶ. ಹತ್ತು ಹೆಕ್ಟೇರ್ ಅಂದ್ರೆ 25 ಎಕರೆ. ಊರಿನ ಮಣ್ಣು ಎಂಥದ್ದು ಅಂತ ತಿಳಿಯೋಕೆ ಆ ಕಾರ್ಡು ಒಳ್ಳೇದು, ನಿಮ್ಮ ಹೊಲಕ್ಕೆ ಎಷ್ಟು ಚೀಲ ಅಂತ ನಿರ್ಧಾರ ಮಾಡೋಕೆ ನಿಮ್ಮ ಹೊಲದ ಮಣ್ಣನ್ನೇ ಕೊಡಿ. ಆ ಕಡ್ಡಿ ಮೀಟರಿಗೆ ದುಡ್ಡು ಹಾಕ್ಬೇಡಿ, ಮಣ್ಣಲ್ಲಿ ತೇವ ಹೆಚ್ಚು ಕಮ್ಮಿ ಆದ್ರೆ ಮುಳ್ಳು ಓಡಾಡತ್ತೆ, ಸತು ಬೋರಾನ್ ಅಂತೂ ಅದಕ್ಕೆ ಗೊತ್ತೇ ಆಗಲ್ಲ.

ಪ್ರಶ್ನೆ (ಶಿರಸಿಯಿಂದ ಒಬ್ಬ ಗೃಹಿಣಿ): ನಾವು ಐದು ವರ್ಷದಿಂದ ಜೀವಾಮೃತ, ಮುಚ್ಚಿಗೆ (ನೆಲಕ್ಕೆ ಸೊಪ್ಪಿನ ಹೊದಿಕೆ) ಮಾಡ್ತಾ ಇದ್ದೇವೆ, ಸರ್ಕಾರಿ (ರಾಸಾಯನಿಕ) ಗೊಬ್ಬರ ಹಾಕುವುದಿಲ್ಲ. ನಮಗೂ ಮಣ್ಣು ಪರೀಕ್ಷೆ ಬೇಕಾ?

ಉತ್ತರ: ನಿಮಗೆ ಇನ್ನೂ ಜಾಸ್ತಿ ಬೇಕು ಅಕ್ಕಾ. ಯಾವ ಚೀಲ ತರ್ಬೇಕು ಅಂತ ತಿಳಿಯೋಕಲ್ಲ, ಐದು ವರ್ಷ ಸೊಪ್ಪು ಹೊತ್ತು ಹಾಕಿದ್ದು ಮಣ್ಣಿಗೆ ಸೇರಿದೆಯಾ ಅಂತ ನೋಡೋಕೆ. ಪಿಎಚ್ ಮತ್ತೆ ಸಾವಯವ ಇಂಗಾಲ ಎರಡೇ ಮಾಡ್ಸಿದ್ರೂ ಸಾಕು. ಆದ್ರೆ ಮೂರು ವರ್ಷಕ್ಕೊಮ್ಮೆ ಅದೇ ತಾಕು, ಅದೇ ತಿಂಗಳು, ಅದೇ ಆಳ, ಸಾಧ್ಯವಾದ್ರೆ ಅದೇ ಲ್ಯಾಬು ಇರ್ಬೇಕು, ಇಲ್ಲಾಂದ್ರೆ ಹಳೇದಕ್ಕೂ ಹೊಸದಕ್ಕೂ ಹೋಲಿಸೋಕಾಗಲ್ಲ. ಮುಚ್ಚಿಗೆ ಸರಿಸಿ ಮಣ್ಣು ತೆಗೀರಿ, ಕೊಳೀತಿರೋ ಎಲೆ ಸ್ಯಾಂಪಲಲ್ಲಿ ಸೇರಿದ್ರೆ ಇಂಗಾಲ ಸುಳ್ಳೇ ಹೆಚ್ಚು ತೋರಿಸತ್ತೆ. ಶುರು ಮಾಡೋ ಮುಂಚೆ ಮಾಡ್ಸಿದ ರಿಪೋರ್ಟ್ ಯಾವುದಾದ್ರೂ ಕಪಾಟಲ್ಲಿದ್ರೆ ಹುಡುಕಿ, ಹೊಸದ್ರ ಜೊತೆ ಅದನ್ನೂ ಕಳ್ಸಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡೋ ಆಸೆ ನನಗೂ ಇದೆ.